128 ಜಿಬಿ ಅಂತ ಕೊಟ್ಟ ಕಾರ್ಡ್, ಒಳಗಿದ್ದದ್ದು ಬರೀ 16

ಹೊಸ ಮೆಮೊರಿ ಕಾರ್ಡ್ ತಗೊಂಡು ಮುಂದಿನ ವಾರವೇ ಮದುವೆ, ನಾಮಕರಣ, ಜಾತ್ರೆ ಅಂತ ಕ್ಯಾಮೆರಾ ಹಿಡಿದು ಹೊರಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನಗೆ ಆಗಿದ್ದು ನಿಮಗೆ ಆಗಬಾರದು.

ನಮ್ಮ ಮನೆ ಮಂಡ್ಯದಲ್ಲಿ, ನನ್ನ ಕೆಲಸ ಮೈಸೂರಲ್ಲಿ. ಅಜ್ಜಿಗೆ 83. ಈ ಸಲ ಮೇಲುಕೋಟೆಯ ವೈರಮುಡಿ ನೋಡಲೇಬೇಕು ಅಂತ ಸಂಕ್ರಾಂತಿಯಿಂದಲೇ ಹೇಳುತ್ತಿದ್ದರು. ಆ ಕಿರೀಟ ಮಂಡ್ಯದ ಖಜಾನೆಯಲ್ಲಿ ಇರುತ್ತದೆ. ಉತ್ಸವದ ದಿನ ಪೂಜೆ ಮಾಡಿ ಪೊಲೀಸ್ ಕಾವಲಿನಲ್ಲಿ ಮೇಲುಕೋಟೆಗೆ ಒಯ್ಯುತ್ತಾರೆ, ರಾತ್ರಿ ಚೆಲುವನಾರಾಯಣ ಸ್ವಾಮಿ ಅದನ್ನು ಧರಿಸಿ ಗರುಡನ ಮೇಲೆ ಬೀದಿಗೆ ಬರುತ್ತಾನೆ. ಆ ರಾತ್ರಿ ತಪ್ಪಿದರೆ ಮತ್ತೆ ಒಂದು ವರ್ಷ ಕಾಯಬೇಕು. ಅಜ್ಜಿಯ ಮಂಡಿನೋವು ನೋಡಿದವರಾರೂ ಮನೆಯಲ್ಲಿ 'ಮುಂದಿನ ವರ್ಷ ಹೋದರಾಯಿತು' ಅನ್ನಲಿಲ್ಲ.

ನನ್ನ ಹತ್ತಿರ ಒಂದು ಸಾಧಾರಣ 24 ಮೆಗಾಪಿಕ್ಸೆಲ್ ಕ್ಯಾಮೆರಾ ಇದೆ. ಕಾರ್ಡ್ ಹಾಕಲು ಅದಕ್ಕೆ ಒಂದೇ ಜಾಗ. ರಾತ್ರಿ ಉತ್ಸವದಲ್ಲಿ ಕಿರೀಟದ ಮೇಲೆ ದೀಪದ ಬೆಳಕು ಕಣ್ಣು ಕುಕ್ಕುತ್ತದೆ, ಪಕ್ಕದಲ್ಲೇ ಜನರ ಮುಖ ಕತ್ತಲಲ್ಲಿರುತ್ತದೆ. ಅಂಥ ಫೋಟೋ ಆಮೇಲೆ ಸರಿ ಮಾಡಿಕೊಳ್ಳಬೇಕು ಅಂದರೆ ರಾ ಫೈಲ್ ಬೇಕು, ಅಂದರೆ ಕ್ಯಾಮೆರಾ ಹಿಡಿದದ್ದನ್ನು ಹಾಗೇ ಇಡುವ ದೊಡ್ಡ ಫೈಲ್. ರಾ ಮತ್ತು ಮಾಮೂಲಿ ಜೆಪೆಗ್ ಫೋಟೋ ಎರಡೂ ಇಟ್ಟುಕೊಂಡರೆ ನನ್ನ ಕ್ಯಾಮೆರಾದಲ್ಲಿ ಒಂದು ಕ್ಲಿಕ್‌ಗೆ ಸುಮಾರು 36 ಎಂಬಿ ಹೋಗುತ್ತದೆ. ಹಳೆಯ 32 ಜಿಬಿ ಕಾರ್ಡ್ ಸಾಲಲ್ಲ ಅನ್ನಿಸಿತು, ದೊಡ್ಡದು ತಗೊಳ್ಳೋಣ ಅಂತ ಹೊರಟೆ.

ಮೈಸೂರಿನ ಒಂದು ಅಂಗಡಿಯಲ್ಲಿ 128 ಜಿಬಿಗೆ 1,150 ರೂಪಾಯಿ ಹೇಳಿದರು. ಇನ್ನೊಂದು ಅಂಗಡಿಯಲ್ಲಿ ಅದೇ ಹೆಸರಿನ, ಅದೇ ಬಣ್ಣದ ಪ್ಯಾಕೆಟ್ 480ಕ್ಕೆ ಸಿಕ್ಕಿತು. ಬಿಲ್ ಕೇಳಿದೆ. 'ಬಿಲ್ ಬೇಕಂದ್ರೆ ರೇಟು ಜಾಸ್ತಿ ಆಗುತ್ತೆ ಸಾರ್, ಏನಾದ್ರೂ ಆದ್ರೆ ನಾವಿದ್ದೀವಲ್ಲ' ಅಂದರು. ನಾನು ಒಪ್ಪಿಕೊಂಡೆ. ಇಡೀ ತಪ್ಪು ಶುರುವಾಗಿದ್ದು ಅಲ್ಲಿ. 1,150ರ ಮಾಲನ್ನು ಯಾರಾದರೂ 480ಕ್ಕೆ ಯಾಕೆ ಕೊಡುತ್ತಾರೆ ಅಂತ ನಾನು ಒಂದು ನಿಮಿಷ ನಿಂತು ಯೋಚಿಸಬೇಕಿತ್ತು.

ಮನೆಗೆ ಬಂದು ಪರೀಕ್ಷೆ ಮಾಡಲಿಲ್ಲ ಅಂತಲ್ಲ. ಕ್ಯಾಮೆರಾಗೆ ಹಾಕಿ ಫಾರ್ಮ್ಯಾಟ್ ಮಾಡಿದೆ. ಇಪ್ಪತ್ತು ಫೋಟೋ ತೆಗೆದೆ, ಲ್ಯಾಪ್‌ಟಾಪ್‌ಗೆ ಹಾಕಿ ನೋಡಿದೆ, ಎಲ್ಲ ಚೆನ್ನಾಗಿ ಬಂದಿತ್ತು. ಲ್ಯಾಪ್‌ಟಾಪ್‌ನಲ್ಲಿ 119 ಜಿಬಿ ಅಂತ ತೋರಿಸಿತು, ಅದೂ ಸರಿಯೇ. ಕಂಪನಿಯವರು ಒಂದು ಜಿಬಿಗೆ 100 ಕೋಟಿ ಬೈಟ್ ಅಂತ ಲೆಕ್ಕ ಹಾಕುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ, ಹಾಗಾಗಿ ಅಸಲಿ 128 ಕೂಡ 119 ಅಂತಲೇ ಕಾಣುತ್ತದೆ. ಇಷ್ಟು ನೋಡಿ ಕಾರ್ಡ್ ಚೆನ್ನಾಗಿದೆ ಅಂದುಕೊಂಡೆ.

ಉತ್ಸವದ ದಿನ ಮಧ್ಯಾಹ್ನದಿಂದಲೇ ತೆಗೆಯುತ್ತಾ ಹೋದೆ. ಕಲ್ಯಾಣಿಯ ಮೆಟ್ಟಿಲು, ಎಲೆಯಲ್ಲಿ ಪುಳಿಯೋಗರೆ ತಿನ್ನುತ್ತಿರುವ ಅಜ್ಜಿ, ಸಂಜೆಯ ಜನ. ರಾತ್ರಿ ಸ್ವಾಮಿ ಬಂದಾಗ ಅಜ್ಜಿ ಅತ್ತೆಯ ಭುಜ ಹಿಡಿದು ತುದಿಗಾಲಲ್ಲಿ ನಿಂತು ಕೈ ಮುಗಿದರು, ಕಣ್ಣಲ್ಲಿ ನೀರು. ಹಿಂದೆ ಗರುಡ, ದೀಪ, ಕಿರೀಟ. ಅದನ್ನೂ ತೆಗೆದೆ. ತೆಗೆದ ತಕ್ಷಣ ಕ್ಯಾಮೆರಾದ ಪರದೆಯಲ್ಲಿ ನೋಡಿದೆ, ಮನಸ್ಸು ತುಂಬಿ ಬಂತು.

ಬೆಳಗಿನ ಜಾವ ಮನೆಗೆ ಬಂದು ಕಾಪಿ ಮಾಡಿದೆ. ಒಟ್ಟು 760 ಕ್ಲಿಕ್. ಎಲ್ಲದರ ಹೆಸರೂ ಇತ್ತು, ಫೈಲಿನ ಅಳತೆಯೂ ಇತ್ತು. ತೆರೆದರೆ ಮೊದಲ 430 ಚಿಲ್ಲರೆ ಮಾತ್ರ ಬಂದವು. ಅಲ್ಲಿಂದ ಮುಂದೆ ಒಂದೂ ತೆರೆಯಲಿಲ್ಲ. ಪುಳಿಯೋಗರೆ ಇದೆ, ಕಲ್ಯಾಣಿ ಇದೆ, ಸ್ವಾಮಿ ಬಂದ ಮೇಲಿನ ಒಂದೇ ಒಂದು ಫೋಟೋ ಇಲ್ಲ.

ಮೈಸೂರಲ್ಲಿ ಸ್ಟುಡಿಯೋ ಇಟ್ಟಿರುವ ಗೆಳೆಯನಿಗೆ ತೋರಿಸಿದೆ. ಅವನು ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಉಚಿತ ಪ್ರೋಗ್ರಾಂ ಹಾಕಿ ಓಡಿಸಿದ. ಅದು ಕಾರ್ಡ್ ತುಂಬುವವರೆಗೆ ಬರೆದು, ಬರೆದದ್ದನ್ನೆಲ್ಲ ಮತ್ತೆ ಓದಿ ತಾಳೆ ನೋಡುತ್ತದೆ. 14.7 ಜಿಬಿ ಸರಿ ಇದೆ, ಉಳಿದದ್ದೆಲ್ಲ ಹೋಗಿದೆ ಅಂತ ಬಂತು. ಅದೂ 1,024ರ ಲೆಕ್ಕವೇ, ಅಂದರೆ ಒಳಗಿದ್ದದ್ದು 16 ಜಿಬಿಯ ಚಿಪ್. ಕಾರ್ಡ್‌ನೊಳಗೆ ಕಂಟ್ರೋಲರ್ ಅಂತ ಒಂದು ಪುಟ್ಟ ಭಾಗ ಇರುತ್ತದೆ, ಎಷ್ಟು ಜಾಗ ಇದೆ ಅಂತ ಕ್ಯಾಮೆರಾಗೆ ಹೇಳುವುದು ಅದೇ. ಅದಕ್ಕೇ ಸುಳ್ಳು ಹೇಳಲು ಕಲಿಸಿರುತ್ತಾರೆ. ಕ್ಯಾಮೆರಾ ನಂಬುತ್ತದೆ, ಕಂಪ್ಯೂಟರ್ ನಂಬುತ್ತದೆ. ನಿಜವಾದ ಜಾಗ ಮುಗಿದ ಮೇಲೆ ಬಂದದ್ದು ಎಲ್ಲೂ ಉಳಿಯುವುದಿಲ್ಲ. ಕೆಲವು ನಕಲಿ ಕಾರ್ಡ್‌ಗಳಲ್ಲಿ ಮೊದಲಿದ್ದ ಫೋಟೋಗಳ ಮೇಲೆಯೇ ಬರೆದು ಅವನ್ನೂ ಹಾಳು ಮಾಡುತ್ತದೆ. ಫೈಲುಗಳ ಪಟ್ಟಿ ಕಾರ್ಡ್‌ನ ಶುರುವಿನಲ್ಲೇ ಇರುವುದರಿಂದ ಹೆಸರುಗಳು ಮಾತ್ರ ಸರಿಯಾಗಿ ಕಾಣುತ್ತವೆ. ತೆಗೆದ ತಕ್ಷಣ ಪರದೆಯಲ್ಲಿ ಕಂಡದ್ದು ಕ್ಯಾಮೆರಾ ತನ್ನ ಮೆಮೊರಿಯಲ್ಲಿ ಆಗ ತಾನೇ ಹಿಡಿದುಕೊಂಡಿದ್ದ ಚಿತ್ರ. ನಾನು ಇಪ್ಪತ್ತು ಫೋಟೋ ತೆಗೆದು ನೋಡಿದ ಪರೀಕ್ಷೆ ಯಾವ ಕೆಲಸಕ್ಕೂ ಬರಲಿಲ್ಲ ಅನ್ನುವುದು ಆಗ ತಿಳಿಯಿತು.

ಇನ್ನೊಂದು ಕಡೆ ಮೋಸ ಹೋಗುವವನಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಡೇಟಾ ರಿಕವರಿ ಮಾಡುವ ಒಬ್ಬರು ಕಾರ್ಡ್ ನೋಡುವ ಮೊದಲೇ 'ಆರು ಸಾವಿರ ಕೊಡಿ, ಎಲ್ಲ ತೆಗೆದುಕೊಡ್ತೀವಿ' ಅಂದರು. ನಾನು ಕೊಡಲು ತಯಾರಿದ್ದೆ. ಗೆಳೆಯ ತಡೆದ. ಕೈತಪ್ಪಿ ಅಳಿಸಿದ ಫೋಟೋ ಆದರೆ, ಆ ಕಾರ್ಡ್‌ಗೆ ಮತ್ತೆ ಏನೂ ಬರೆಯದೆ ಹಾಗೇ ಇಟ್ಟರೆ, ಫೋಟೋರೆಕ್ ಅನ್ನುವ ಉಚಿತ ಪ್ರೋಗ್ರಾಂನಲ್ಲೇ ಎಷ್ಟೋ ಸಲ ವಾಪಸ್ ಸಿಗುತ್ತದೆ. ಆದರೆ ಚಿಪ್ಪಿಗೆ ಬರೆದೇ ಇಲ್ಲದ್ದನ್ನು ಎಷ್ಟು ದುಡ್ಡು ಕೊಟ್ಟರೂ ತೆಗೆಯಲು ಆಗಲ್ಲ.

ಅಂಗಡಿಗೆ ಹೋದೆ. ಬಿಲ್ ಎಲ್ಲಿ ಅಂದರು. ಇದು ನಮ್ಮಲ್ಲಿ ತಗೊಂಡಿದ್ದೇ ಅಲ್ಲ ಅಂದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಬಿಲ್ ಕೊಡದೇ ಇರುವುದೇ ಅನುಚಿತ ವ್ಯಾಪಾರ. ಅಂಗಡಿಯವರು ಬಿಲ್ ಕೊಡಲ್ಲ ಅಂದರೆ ವಾದ ಮಾಡಬೇಡಿ, ಹೊರಗೆ ಬಂದುಬಿಡಿ. ಬಿಲ್ ಇದ್ದೂ ಮೋಸ ಆಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ, ದುಡ್ಡು ಕೊಟ್ಟಿದ್ದೂ ನೋಟಿನಲ್ಲಿ.

ಈಗ ನಾನು ಮಾಡುವುದು ಹೀಗೆ. ಯಾವ ಕಾರ್ಡ್ ತಂದರೂ ಅವತ್ತೇ ರಾತ್ರಿ ಪೂರ್ತಿ ತುಂಬಿಸಿ ಪರೀಕ್ಷೆ ಮಾಡುತ್ತೇನೆ. ನನ್ನ ಹಳೆಯ ಕಾರ್ಡ್ ರೀಡರ್‌ನಲ್ಲಿ 128 ಜಿಬಿಗೆ ನಾಲ್ಕು ಗಂಟೆ ಹತ್ತಿರ ಬೇಕಾಗುತ್ತದೆ, ಮಲಗುವಾಗ ಹಾಕಿಬಿಟ್ಟರೆ ಬೆಳಿಗ್ಗೆಗೆ ಮುಗಿದಿರುತ್ತದೆ. ಮ್ಯಾಕ್ ಅಥವಾ ಲಿನಕ್ಸ್ ಇದ್ದವರಿಗೆ ಎಫ್3 ಅಂತ ಇದೆ, ಅದೂ ಉಚಿತ. ಕಾರ್ಡ್‌ನಲ್ಲಿ ಈಗಾಗಲೇ ಫೋಟೋ ಇದ್ದರೆ ಮೊದಲು ಬೇರೆ ಕಡೆ ಕಾಪಿ ಮಾಡಿಕೊಳ್ಳಿ, ನಕಲಿಯಾಗಿದ್ದರೆ ಪರೀಕ್ಷೆಯಲ್ಲೇ ಅವು ಹೋಗಬಹುದು. ಮುಖ್ಯವಾದ ಕಾರ್ಯಕ್ರಮಕ್ಕೆ ಒಂದು ದೊಡ್ಡ ಕಾರ್ಡ್ ಬದಲು ಎರಡು 64 ಜಿಬಿ ಒಯ್ಯುತ್ತೇನೆ, ಅರ್ಧದಲ್ಲಿ ಬದಲಾಯಿಸುತ್ತೇನೆ, ತುಂಬಾ ಬೇಕಾದ ನಾಲ್ಕೈದು ಫೋಟೋಗಳನ್ನು ಅಲ್ಲೇ ವೈಫೈನಲ್ಲಿ ಫೋನಿಗೆ ಕಳಿಸಿಕೊಳ್ಳುತ್ತೇನೆ. ಪೆನ್‌ಡ್ರೈವ್‌ನಲ್ಲೂ ಇದೇ ಮೋಸ ಇದೆ. ಐನೂರು ರೂಪಾಯಿಗೆ 2 ಟಿಬಿ ಅಂತ ಯಾರಾದರೂ ಕೊಟ್ಟರೆ ಮುಟ್ಟಲೇಬೇಡಿ.

ಅಜ್ಜಿಗೆ ವಿಷಯ ಹೇಳಲು ಮೂರು ದಿನ ಬೇಕಾಯಿತು. 'ಹೋಗ್ಲಿ ಬುಡು ಮಗ, ನಾನು ಕಣ್ತುಂಬ ನೋಡಿವ್ನಿ' ಅಂದರು. ಅತ್ತೆಯ ಫೋನಿನಲ್ಲಿ ಮೂರು ಫೋಟೋ ಇದ್ದವು. ಎರಡು ಪೂರ್ತಿ ಅಲುಗಾಡಿವೆ. ಒಂದರಲ್ಲಿ ಕಿರೀಟ ಬರೀ ಬೆಳಕಿನ ಉಂಡೆಯಂತೆ ಕಾಣುತ್ತದೆ, ಕೆಳಗೆ ಮೂಲೆಯಲ್ಲಿ ಅಜ್ಜಿಯ ಮುಗಿದ ಕೈ ಇದೆ. ಅದನ್ನೇ ದೊಡ್ಡದು ಮಾಡಿಸಿ ದೇವರ ಮನೆಯ ಪಕ್ಕ ಹಾಕಿದ್ದೇವೆ.