ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಮುಂದಕ್ಕೆ ಹಾಕಬೇಡಿ: ನನ್ನ ದವಡೆ ಹಲ್ಲು ಹೋದ ಬಗೆ

ನಮ್ಮದು ಸೋಮವಾರಪೇಟೆ ತಾಲ್ಲೂಕಿನ ಒಂದು ಹಳ್ಳಿ. ನಾಲ್ಕು ಎಕರೆ ಕಾಫಿ, ಮರಗಳಿಗೆ ಹಬ್ಬಿದ ಮೆಣಸು. ಹೋದ ಸೆಪ್ಟೆಂಬರಿನಲ್ಲಿ ನನ್ನ ಕೆಳದವಡೆಯ ಬಲಗಡೆಯ ದೊಡ್ಡ ಹಲ್ಲು ಕೀಳಿಸಬೇಕಾಯಿತು. ರೂಟ್ ಕೆನಾಲ್, ಅಂದರೆ ಹಲ್ಲಿನೊಳಗಿನ ನರ ತೆಗೆದು ನಾಳ ತುಂಬುವ ಚಿಕಿತ್ಸೆ, ಮಾಡಿಸಿ ಒಂದು ವರ್ಷವೂ ತುಂಬಿರಲಿಲ್ಲ. ಅದಾದ ಮೇಲೆ ಹಲ್ಲನ್ನು ಮತ್ತೆ ಕಟ್ಟಿ, ಮೇಲೆ ಕ್ಯಾಪ್ ಹಾಕಿ ನಿಲ್ಲಿಸುವ ಕೆಲಸ ಇರುತ್ತದಲ್ಲ, ಅದು ಹೊತ್ತಿಗೆ ಆಗಲಿಲ್ಲ. ಆದಾಗ ಸರಿಯಾಗಿ ಆಗಲಿಲ್ಲ. ನಮ್ಮ ನೆಂಟರಲ್ಲೇ ಇನ್ನೊಬ್ಬರು ಇದೇ ದಾರಿ ಹಿಡಿದಿದ್ದರು ಅಂತ ಗೊತ್ತಾದ ಮೇಲೆ ಬರೆಯದೆ ಇರಲು ಮನಸ್ಸು ಒಪ್ಪಲಿಲ್ಲ.

ಅದರ ಹಿಂದಿನ ನವೆಂಬರಿನಲ್ಲಿ ಶುರುವಾದದ್ದು. ಬಿಸಿ ಕಾಫಿ ತಾಗಿದರೆ ಕಿವಿಯವರೆಗೆ ಎಳೆಯುವ ನೋವು, ರಾತ್ರಿ ನಿದ್ದೆಯಿಲ್ಲ. ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಮೂರು ಸಲ ಕರೆಸಿ ರೂಟ್ ಕೆನಾಲ್ ಮುಗಿಸಿದರು. ಚೀಟಿಯಲ್ಲಿ ಹಲ್ಲಿನ ಗುರುತು 46 ಅಂತ ಬರೆದಿತ್ತು. ಅಂದರೆ ಬಲಗಡೆ ಕೆಳಸಾಲಿನಲ್ಲಿ ನಡುವಿನಿಂದ ಎಣಿಸಿದರೆ ಆರನೆಯ ಹಲ್ಲು. ಆರು ವರ್ಷದ ಹೊತ್ತಿಗೆ ಹುಟ್ಟಿ, ಅಗಿಯುವ ಕೆಲಸದ ಹೆಚ್ಚಿನ ಭಾರ ಹೊರುವ ಹಲ್ಲು ಅದು. ನೋವು ಹೋಯಿತು, ನಿಜ. ಮೇಲೆ ಲವಂಗದ ವಾಸನೆಯ ಬಿಳಿ ಸಿಮೆಂಟು ತುಂಬಿದರು. ಕುರ್ಚಿಯಿಂದ ಏಳುವಾಗ, "ಆಮೇಲೆ ಬಿಡುವು ಮಾಡಿಕೊಂಡು ಬಂದು ಕ್ಯಾಪ್ ಹಾಕಿಸ್ಕೊಳ್ಳಿ" ಅಂದರು.

ಆಮೇಲೆ ಅಂದರೆ ಯಾವಾಗ? ಎರಡು ವಾರವೋ, ಎರಡು ವರ್ಷವೋ? ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕ್ಯಾಪ್ ಅಂದರೆ ಅಂದಕ್ಕೆ ಹಾಕುವುದು, ಒಳಗಿನ ಹಲ್ಲಿಗೆ ಯಾಕೆ ಅಂದುಕೊಂಡೆ. ಡಿಸೆಂಬರಿಗೆ ಅರೇಬಿಕಾ ಕಾಫಿ ಹಣ್ಣಾಯಿತು. ಅದು ಮುಗಿಯುವಷ್ಟರಲ್ಲಿ ರೋಬಸ್ಟಾ, ಕಣದಲ್ಲಿ ಒಣಗಿಸುವುದು, ಅದರ ಬೆನ್ನಿಗೇ ಮೆಣಸು. ಆಳು ಸಿಕ್ಕಿದ ದಿನ ಮನೆಯವರು ತೋಟ ಬಿಟ್ಟು ಪೇಟೆಗೆ ಹೋಗುವ ಮಾತೇ ಇಲ್ಲ; ಬೆಳೆಗಾರರ ಮನೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿಮೆಂಟು ಸ್ವಲ್ಪ ಸ್ವಲ್ಪವಾಗಿ ಸವೆದು ನಾಲಿಗೆಗೆ ಗುಂಡಿ ಸಿಗತೊಡಗಿತು. ನೋವಿಲ್ಲವಲ್ಲ ಅಂತ ಬಿಟ್ಟೆ.

ನೋವಿಲ್ಲ ಅನ್ನುವುದೇ ಇಲ್ಲಿನ ಅಪಾಯ. ಒಳಗಿನ ನರ ತೆಗೆದ ಮೇಲೆ ಆ ಹಲ್ಲು ಹೊಸ ಹುಳುಕು ಹಿಡಿದರೂ ಕೂಗುವುದಿಲ್ಲ. ಆ ಸಿಮೆಂಟು ವಾರಗಳ ಲೆಕ್ಕಕ್ಕೆ ಮಾಡಿದ ವಸ್ತು, ತಿಂಗಳುಗಟ್ಟಲೆ ಇರುವುದಕ್ಕಲ್ಲ. ಅದು ಸಡಿಲವಾದರೆ ಎಂಜಲಿನ ಜೊತೆ ಬ್ಯಾಕ್ಟೀರಿಯಾ ಒಳಗಿಳಿದು, ಅಷ್ಟು ಕಷ್ಟಪಟ್ಟು ಶುಚಿ ಮಾಡಿ ಗಟ್ಟಾ ಪರ್ಚಾ ಅನ್ನುವ ರಬ್ಬರಿನಂಥ ವಸ್ತು ತುಂಬಿದ ನಾಳಗಳನ್ನೇ ಮತ್ತೆ ಕೆಡಿಸುತ್ತದೆ. ಇನ್ನೊಂದು ವಿಷಯ: ಹುಳುಕು ತೆಗೆಯಲು ಕೊರೆದು, ನರ ತಲುಪಲು ಮತ್ತೆ ಕೊರೆದು, ದವಡೆ ಹಲ್ಲಿನಲ್ಲಿ ಕೊನೆಗೆ ಉಳಿಯುವುದು ತೆಳ್ಳಗಿನ ಗೋಡೆಗಳು. ಅಗಿಯುವ ಒತ್ತಡಕ್ಕೆ ಅವು ಹೊರಕ್ಕೆ ಬಾಗುತ್ತವೆ. ಅದಕ್ಕೇ ಹಿಂದಿನ ಹಲ್ಲುಗಳಿಗೆ ರೂಟ್ ಕೆನಾಲ್ ಆದರೆ ಮೇಲಿನ ಮೊನೆಗಳನ್ನೆಲ್ಲ ಮುಚ್ಚಿ ಹಿಡಿಯುವ ಕ್ಯಾಪ್ ಬೇಕಾಗುವುದು. ಮುಂದಿನ ಹಲ್ಲಿಗೆ ಹೆಚ್ಚು ಒಡೆತವಿಲ್ಲದಿದ್ದರೆ ಬರೀ ಫಿಲ್ಲಿಂಗ್ ಸಾಕಾಗುವುದುಂಟು. ಇದೆಲ್ಲ ನನಗೆ ತಿಳಿದದ್ದು ಹಲ್ಲು ಹೋಗುವ ಹೊತ್ತಿಗೆ.

ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ವಾರ, ಹುರಿಗಡಲೆ ಅಗಿಯುವಾಗ ಕಟಕ್ ಅಂತ ಸದ್ದು. ನಾಲಿಗೆಯ ಕಡೆಯ ಗೋಡೆ ಪೂರ್ತಿ ಒಸಡಿನವರೆಗೆ ಕಳಚಿ ಕೈಗೆ ಬಂತು. ಆಗಲೂ ನೋವಿಲ್ಲ.

ಮೊದಲನೆಯ ವೈದ್ಯರು ಊರಿನಲ್ಲಿರಲಿಲ್ಲ. ಬೇರೆ ಕಡೆ ಹೋದೆ. ನನ್ನ ಕೋಪ ಇರುವುದು ಇಲ್ಲಿ. ಅಲ್ಲಿನ ವೈದ್ಯರು ಬಾಯಿ ನೋಡಿ, "ಪೋಸ್ಟ್ ಹಾಕಿ ಕ್ಯಾಪ್ ಕೂರಿಸಿದರೆ ಹಲ್ಲು ಕಲ್ಲಿನ ಹಾಗೆ ಗಟ್ಟಿ" ಅಂದರು. ಪೋಸ್ಟ್ ಅಂದರೆ ಬೇರಿನೊಳಗೆ ಇಳಿಸುವ ಗೂಟ. ಹೊಸ ಎಕ್ಸ್‌ರೇ ತೆಗೆಯಲಿಲ್ಲ. ನಾಲ್ಕು ತಿಂಗಳು ಎಂಜಲು ಇಳಿದ ನಾಳಗಳನ್ನು ಮತ್ತೆ ಶುಚಿ ಮಾಡಬೇಕೇ ಅಂತ ಯೋಚಿಸಲಿಲ್ಲ. ಒಸಡಿನ ಮೇಲೆ ಗಟ್ಟಿ ಹಲ್ಲು ಎಷ್ಟು ಉಳಿದಿದೆ ಅಂತ ಅಳೆಯಲಿಲ್ಲ. ಹಿಂದಿನ ಬೇರಿನೊಳಗೆ ತಿರುಪಿನ ಸುತ್ತುಗಳಿರುವ ಲೋಹದ ಸ್ಕ್ರೂ ತಿರುಗಿಸಿ, ಸುತ್ತ ಫಿಲ್ಲಿಂಗ್ ತುಂಬಿ, ಮೇಲೆ ಪಿಂಗಾಣಿ ಕ್ಯಾಪ್ ಅಂಟಿಸಿದರು. ಒಟ್ಟು 6,500 ರೂಪಾಯಿ.

ಪೋಸ್ಟ್ ಹಲ್ಲಿಗೆ ಬಲ ಕೊಡುವುದಿಲ್ಲ. ಮೇಲೆ ಕಟ್ಟಿದ್ದು ಬೀಳದ ಹಾಗೆ ಹಿಡಿದುಕೊಳ್ಳುವುದಷ್ಟೇ ಅದರ ಕೆಲಸ. ಬಲ ಬರುವುದು ಕ್ಯಾಪಿನ ಅಂಚು ಒಸಡಿನ ಮೇಲಿರುವ ಸ್ವಂತ ಹಲ್ಲನ್ನು ಸುತ್ತಲೂ ತಬ್ಬಿ ಹಿಡಿದಾಗ. ಕತ್ತಿಯ ಮರದ ಹಿಡಿ ಸೀಳದಿರಲಿ ಅಂತ ಬುಡಕ್ಕೆ ಕಬ್ಬಿಣದ ಬಳೆ ಹಾಕುತ್ತೇವಲ್ಲ, ಹಾಗೆ. ದಂತವೈದ್ಯರ ಮಾತಿನಲ್ಲಿ ಇದು ಫೆರೂಲ್. ಸುತ್ತಲೂ ಒಂದೂವರೆಯಿಂದ ಎರಡು ಮಿಲಿಮೀಟರ್ ಎತ್ತರದ ಗಟ್ಟಿ ಹಲ್ಲು ಇರಬೇಕು ಅನ್ನುತ್ತಾರೆ. ನನಗೆ ಒಂದು ಪಕ್ಕದಲ್ಲಿ ಸೊನ್ನೆ. ಬಳೆಯಿಲ್ಲದ ಹಿಡಿಗೆ ಬೆಣೆ ಬಡಿದ ಹಾಗಾಯಿತು.

ಜುಲೈ ಮಳೆಯಲ್ಲಿ ಅಕ್ಕಿ ರೊಟ್ಟಿ ತಿನ್ನುವಾಗ ಕ್ಯಾಪ್ ಕಳಚಿತು. ಸ್ಕ್ರೂ ಸಮೇತ. ಅಂಗೈಯಲ್ಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕ್ಯಾಪಿನ ಒಳಗೆ ಫಿಲ್ಟರಿನಲ್ಲಿ ಉಳಿದ ಕಾಫಿ ಚರಟದ ಹಾಗೆ ಕಂದು ಬಣ್ಣದ ಮೆತ್ತನೆಯ ಪುಡಿ, ಕೊಳೆತ ವಾಸನೆ. ಅದು ನನ್ನದೇ ಹಲ್ಲು, ಹುಳುಕು ಹಿಡಿದದ್ದು. ಆ ಎರಡನೆಯ ವೈದ್ಯರು ತೊಳೆದು ಮತ್ತೆ ಅಂಟಿಸಿದರು. ಇಪ್ಪತ್ತು ದಿನಕ್ಕೆ ಮತ್ತೆ ಕಳಚಿತು, ಮತ್ತೆ ಅಂಟಿಸಿದರು. ಆಗಸ್ಟ್ ಕೊನೆಗೆ ಒಸಡಿನಲ್ಲಿ ಸಾಸಿವೆಯಷ್ಟು ಗುಳ್ಳೆ ಎದ್ದಿತು. ಒತ್ತಿದರೆ ಉಪ್ಪುಪ್ಪು ಕೀವು. ಮಾತ್ರೆ ನುಂಗಿದಾಗ ಆರುವುದು, ನಿಲ್ಲಿಸಿದಾಗ ಏಳುವುದು.

ಕೊಡಗಿನ ಕೈಲ್‌ಪೋದ್ ಹಬ್ಬ ಮುಗಿದ ವಾರ ಬಸ್ಸು ಬದಲಿಸಿ ವಿರಾಜಪೇಟೆಯ ದಂತ ಕಾಲೇಜಿಗೆ ಹೋದೆ. ಚಿಕ್ಕ ವಯಸ್ಸಿನ ಹುಡುಗಿಯೊಬ್ಬಳು ತೆಳ್ಳನೆಯ ಕಡ್ಡಿಯನ್ನು ಒಸಡಿನ ಸುತ್ತ ಇಳಿಸುತ್ತ ಅಂಕಿ ಹೇಳುತ್ತ ಹೋದಳು: ಎರಡು, ಮೂರು, ಎರಡು, ಮೂರು, ಒಂಬತ್ತು. ಒಂದೇ ಒಂದು ಜಾಗದಲ್ಲಿ ಕಡ್ಡಿ ಒಂಬತ್ತು ಮಿಲಿಮೀಟರ್ ಇಳಿಯಿತು. ಎಕ್ಸ್‌ರೇಯಲ್ಲಿ ಸ್ಕ್ರೂ ಇದ್ದ ಬೇರಿನ ಪಕ್ಕದಿಂದ ತುದಿಯನ್ನು ಬಳಸಿಕೊಂಡು ಕಪ್ಪು ನೆರಳು. ಹಿರಿಯ ವೈದ್ಯರು ಬಂದು ನೋಡಿ, ಬೇರು ಉದ್ದಕ್ಕೆ ಸೀಳಿದೆ, ಅಂಟಿಸಲು ಬರುವುದಿಲ್ಲ ಅಂದರು. ಮಾರ್ಚಿನಲ್ಲೇ ಬಂದಿದ್ದರೆ ಉಳಿಯುತ್ತಿತ್ತೇ ಅಂತ ಕೇಳಿದೆ. ಒಸಡು ಮತ್ತು ಮೂಳೆಯನ್ನು ಸ್ವಲ್ಪ ತಗ್ಗಿಸಿ ಹಲ್ಲನ್ನು ಮೇಲೆ ಕಾಣಿಸುವ ಹಾಗೆ ಮಾಡಿ ಕ್ಯಾಪ್ ಕೂರಿಸಲು ಪ್ರಯತ್ನಿಸಬಹುದಿತ್ತು ಅಂದರು. ನವೆಂಬರಿನಲ್ಲೇ ಹಾಕಿಸಿದ್ದರೆ ಅನ್ನುವ ಪ್ರಶ್ನೆ ಬಾಯಿಗೆ ಬಂದರೂ ಕೇಳಲು ಆಗಲಿಲ್ಲ.

ಆದ್ದರಿಂದ ದಯವಿಟ್ಟು ರೂಟ್ ಕೆನಾಲ್ ಶುರುವಾಗುವ ಮೊದಲೇ ಕೇಳಿ: ಎಲ್ಲ ಮುಗಿದಾಗ ಕ್ಯಾಪ್ ಹಿಡಿಯಲು ಹಲ್ಲು ಉಳಿಯುತ್ತದೆಯೇ, ಕ್ಯಾಪಿನ ಖರ್ಚು ಸೇರಿ ಎಷ್ಟು, ಯಾವ ತಾರೀಕಿಗೆ ಬರಬೇಕು. ಕೊಯ್ಲು ಎದುರಿಗಿದ್ದರೆ ಅದನ್ನೂ ಹೇಳಿ. ಕ್ಯಾಪ್ ತಡವಾಗುವುದೇ ಆದರೆ ಸಿಮೆಂಟು ತೆಗೆದು ಗಟ್ಟಿಯಾದ ಫಿಲ್ಲಿಂಗನ್ನಾದರೂ ಮಾಡಿಸಿಕೊಳ್ಳಿ, ಆ ಕಡೆ ಗಟ್ಟಿ ಪದಾರ್ಥ ಅಗಿಯಬೇಡಿ. ಪೋಸ್ಟ್ ಬೇಕು ಅಂದರೆ ಎಂಥದ್ದು ಅಂತ ಕೇಳಿ. ತಿರುಪಿನ ಲೋಹದ ಸ್ಕ್ರೂ ಬೇರಿನ ಮೇಲೆ ಒತ್ತಡ ಹಾಕುತ್ತದೆ, ಫೈಬರ್ ಪೋಸ್ಟ್ ಹಲ್ಲಿನ ಜೊತೆ ಅಷ್ಟಿಷ್ಟು ಬಾಗುತ್ತದೆ. ಆದರೆ ಸುತ್ತ ಹಲ್ಲಿಲ್ಲದಿದ್ದರೆ ಎರಡೂ ಕಾಯುವುದಿಲ್ಲ. ಎಕ್ಸ್‌ರೇ ತೆಗೆದು ನಿಮಗೆ ತೋರಿಸದವರಿಗೆ ಒಪ್ಪಿಗೆ ಕೊಡಬೇಡಿ. ಕ್ಯಾಪ್ ಒಮ್ಮೆ ಕಳಚಿದರೆ ಅಂಟು ಸಾಲದೆ ಇರಬಹುದು. ಎರಡನೇ ಸಲ ಕಳಚಿದರೆ ಅಂಟಿನ ತಪ್ಪಲ್ಲ, ಬೇರೆ ಕಡೆ ತೋರಿಸಿ. ಒಸಡಿನ ಗುಳ್ಳೆಗೆ ಬರೀ ಮಾತ್ರೆ ನುಂಗಿ ಕೂರಬೇಡಿ.

ಹಲ್ಲು ಹೋಗಿ ಮೂರು ತಿಂಗಳಾಯಿತು. ಎಡಗಡೆಯೇ ಅಗಿಯುತ್ತೇನೆ. ಮೂಳೆಗೆ ತಿರುಪು ನೆಟ್ಟು ಹಲ್ಲು ಕೂರಿಸುವ ಇಂಪ್ಲಾಂಟೋ, ಪಕ್ಕದ ಎರಡು ಒಳ್ಳೆಯ ಹಲ್ಲು ಉಜ್ಜಿ ಅವುಗಳ ಮೇಲೆ ಸೇತುವೆಯ ಹಾಗೆ ಕೂರಿಸುವ ಬ್ರಿಡ್ಜೋ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಹಾಗೇ ಬಿಟ್ಟರೆ ಮೇಲಿನ ಹಲ್ಲು ಖಾಲಿ ಜಾಗಕ್ಕೆ ಇಳಿಯುತ್ತದೆ ಅಂತ ಎಚ್ಚರಿಸಿದ್ದಾರೆ. ಶನಿವಾರಸಂತೆಯಲ್ಲಿರುವ ನಾದಿನಿಗೆ ಇದೆಲ್ಲ ಹೇಳುವಾಗ ಅವಳು ಸುಮ್ಮನೆ ಕೆನ್ನೆ ಮುಟ್ಟಿಕೊಂಡಳು. ಎರಡು ತಿಂಗಳಿಂದ ಅದೇ ಬಿಳಿ ಸಿಮೆಂಟಂತೆ. ಅರೇಬಿಕಾ ಹಣ್ಣಾಗಿ ನಿಂತಿದ್ದರೂ ಸೋಮವಾರವೇ ಅವಳನ್ನು ಕರೆದುಕೊಂಡು ಹೋದೆ. ಸುತ್ತಲೂ ಮೂರು ಮಿಲಿಮೀಟರ್ ಹಲ್ಲು ಉಳಿದಿದೆ. ಬರುವ ಗುರುವಾರ ಕ್ಯಾಪ್ ಕೂರಿಸುತ್ತಾರೆ.