ಫಿಫ್ತ್ ವೀಲ್ ಕ್ಯಾಮೆರಾ: ಎಂಟು ತಿಂಗಳ ಬಳಕೆಯ ನಂತರ

ಟ್ರೇಲರ್ ಜೋಡಿಸುವಾಗ ಬೆನ್ನ ಹಿಂದೆ ಏನಾಗುತ್ತಿದೆ ಎಂಬುದು ಚಾಲಕನಿಗೆ ಸೀಟಿನಿಂದಲೇ ಕಾಣಬೇಕೆಂದು ಮಾಡಿರುವ ಎರಡು ಕ್ಯಾಮೆರಾಗಳ ಸೆಟ್ಟೊಂದನ್ನು ಎಂಟು ತಿಂಗಳಿಂದ ನಮ್ಮ ಎರಡು ಲಾರಿಗಳಲ್ಲಿ ಬಳಸುತ್ತಿದ್ದೇವೆ. ಒಂದು ಕ್ಯಾಮೆರಾ ಕ್ಯಾಬಿನ್ನಿನ ಹಿಂಬದಿಯ ಮೇಲ್ಭಾಗದಲ್ಲಿ, ಇನ್ನೊಂದು ಚಾಸಿಸ್ ನಡುವೆ, ಟ್ರೇಲರಿನ ಮುಂಭಾಗವನ್ನು ಹೊತ್ತು ಹಿಡಿಯುವ ಫಿಫ್ತ್ ವೀಲ್ ತಟ್ಟೆಯ ಕೆಳಗೆ ಕೂರುತ್ತದೆ. ಚಿತ್ರ ನೋಡಲು ಡ್ಯಾಶ್‌ಬೋರ್ಡಿನ ಮೇಲೆ 7 ಅಂಗುಲದ ಪರದೆ ಇದೆ. ಇದೇ ಸರಕು ಮಾರುಕಟ್ಟೆಯಲ್ಲಿ ಹಲವು ಹೆಸರುಗಳಲ್ಲಿ ಸಿಗುವುದರಿಂದ ಹೆಸರಿಗಿಂತ ಕೆಲಸವನ್ನೇ ನೋಡುವುದು ಒಳ್ಳೆಯದು. ಅಳವಡಿಕೆಯ ಕೂಲಿಯೂ ಸೇರಿ ಒಂದು ಲಾರಿಗೆ ತಗುಲಿದ ವೆಚ್ಚ ಮುಂದಿನ ಚಕ್ರದ ಒಂದು ಹೊಸ ಟೈರಿನ ಬೆಲೆಯ ಅರ್ಧಕ್ಕಿಂತ ಕಡಿಮೆ.

ನಾವು ವೈಟ್‌ಫೀಲ್ಡಿನ ಕಂಟೇನರ್ ಡಿಪೋದಿಂದ ದಾಬಸ್‌ಪೇಟೆ ಕಡೆಯ ಗೋದಾಮುಗಳಿಗೆ, ಆಗಾಗ ಚೆನ್ನೈ ಬಂದರಿಗೆ, 40 ಅಡಿ ಕಂಟೇನರ್ ಸಾಗಿಸುವವರು. ಸರಕು ಇಳಿಯುವ ತನಕ ಲಾರಿ ಸುಮ್ಮನೆ ಕಾಯಬಾರದೆಂದು ಟ್ರೇಲರನ್ನು ಅದರ ಮುಂಭಾಗದ ಊರುಗಾಲುಗಳಾದ ಲ್ಯಾಂಡಿಂಗ್ ಲೆಗ್ ಮೇಲೆ ನಿಲ್ಲಿಸಿ, ಸಿದ್ಧವಿರುವ ಮತ್ತೊಂದನ್ನು ಎಳೆದು ತರುತ್ತೇವೆ. ಹಾಗಾಗಿ ಬಿಚ್ಚುವ, ಜೋಡಿಸುವ ಕೆಲಸ ದಿನಕ್ಕೆ ಮೂರು ನಾಲ್ಕು ಬಾರಿ ಇದ್ದೇ ಇರುತ್ತದೆ.

ಕ್ಯಾಮೆರಾ ಕೊಳ್ಳುವಂತೆ ಮಾಡಿದ್ದು ಒಂದು ರಾತ್ರಿಯ ಅವಘಡ. ನಾವಿಲ್ಲದಾಗ ಗೋದಾಮಿನ ಯಾರೋ ಕಾಲುಗಳನ್ನು ತಿರುಗಿಸಿ ಟ್ರೇಲರನ್ನು ಅಗತ್ಯಕ್ಕಿಂತ ಎತ್ತರಕ್ಕೆ ಏರಿಸಿಟ್ಟಿದ್ದರು. ನಮ್ಮ ಚಾಲಕರು ಕತ್ತಲಲ್ಲಿ ಕನ್ನಡಿ ನೋಡಿಕೊಂಡೇ ಹಿಂದಕ್ಕೆ ಬಂದರು. ಟ್ರೇಲರಿನ ಅಡಿಯಿಂದ ಕೆಳಕ್ಕೆ ಚಾಚಿರುವ ಉಕ್ಕಿನ ಗೂಟ, ಎಂದರೆ ಕಿಂಗ್‌ಪಿನ್, ಅದನ್ನು ಹಿಡಿಯುವ ಫಿಫ್ತ್ ವೀಲಿನ ಲಾಕಿನ ಬಾಯಿಗೆ ಬೀಳದೆ ತಟ್ಟೆಯ ಮೇಲೆಯೇ ಜಾರಿ ಮುಂದೆ ಸಾಗಿತು. ಟ್ರೇಲರಿನ ಮೂತಿ, ಅದರ ಬ್ರೇಕಿಗೆ ಗಾಳಿ ಒಯ್ಯುವ ಏರ್ ಪೈಪಿನ ಸ್ಟ್ಯಾಂಡನ್ನು ಮುರಿದು, ಕ್ಯಾಬಿನ್ನಿನ ಬೆನ್ನಿನ ತಗಡನ್ನು ಒಳಕ್ಕೆ ತಳ್ಳಿತು. ಜೀವಕ್ಕೆ ಅಪಾಯವಾಗಲಿಲ್ಲವಾದರೂ ಆರು ದಿನ ಲಾರಿ ಗ್ಯಾರೇಜಿನಲ್ಲಿ ನಿಂತಿತು, ಆ ದಿನಗಳ ಬಾಡಿಗೆಯೂ ಕೈಬಿಟ್ಟಿತು.

ಈ ಹಿನ್ನೆಲೆಯಲ್ಲಿ ನೋಡಿದರೆ ಮೇಲಿನ ಕ್ಯಾಮೆರಾದ ಉಪಯೋಗ ಸೀಮಿತವಾದದ್ದು. ಎಡಬಲದ ಅಂದಾಜಿಗೆ ಅದು ನಿಜಕ್ಕೂ ನೆರವಾಗುತ್ತದೆ: ಮೊದಲು ಎರಡು ಮೂರು ಸಲ ಮುಂದೆ ಹೋಗಿ ಹಿಂದೆ ಬರುತ್ತಿದ್ದ ಹೊಸ ಚಾಲಕರು ಈಗ ಹೆಚ್ಚಿನ ಸಲ ಒಂದೇ ಯತ್ನದಲ್ಲಿ ನೇರವಾಗಿ ಬರುತ್ತಾರೆ. ಆದರೆ ಮೇಲಿನಿಂದ ಕೆಳಕ್ಕೆ ನೋಡುವ ಕಣ್ಣಿಗೆ ಎತ್ತರ ತಿಳಿಯುವುದಿಲ್ಲ. ಟ್ರೇಲರಿನ ಅಡಿಯ ತಟ್ಟೆ ಫಿಫ್ತ್ ವೀಲಿಗಿಂತ ತುಸು ಕೆಳಗಿರಬೇಕು, ಲಾರಿ ಹಿಂದೆ ಬಂದಂತೆ ಅದು ಇಳಿಜಾರನ್ನು ಹತ್ತಿ ಕಾಲುಗಳಿಂದ ಕೊಂಚ ಮೇಲೇಳಬೇಕು. ಹೆಚ್ಚು ಎತ್ತರವಿದ್ದರೆ ಪಿನ್ ಲಾಕಿನ ಮೇಲೆ ಹಾದು ಹೋಗುತ್ತದೆ, ತೀರಾ ತಗ್ಗಿದ್ದರೆ ಟ್ರೇಲರಿನ ಮೂತಿ ಚಾಸಿಸ್ಸಿಗೆ ಗುದ್ದುತ್ತದೆ. ಇದನ್ನು ನೋಡಲು ಟ್ರೇಲರಿಗೆ ಒಂದೆರಡು ಅಡಿ ದೂರದಲ್ಲಿ ಲಾರಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಕೆಳಗಿಳಿದು ಬಗ್ಗಿ ನೋಡುವುದೊಂದೇ ದಾರಿ. ಇಳಿಯದೆಯೇ ಕೆಲಸ ಮುಗಿಯುತ್ತದೆ ಎಂಬ ಮಾರಾಟಗಾರರ ಮಾತು ಅಪಾಯಕಾರಿ ಎಂದೇ ನಾನು ಭಾವಿಸುತ್ತೇನೆ.

ಹಣಕ್ಕೆ ತಕ್ಕ ಕೆಲಸ ಮಾಡುವುದು ಕೆಳಗಿನ ಕ್ಯಾಮೆರಾ. ಪಿನ್ ಬಾಯೊಳಗೆ ಬಂದದ್ದು, ಅದರ ಹಿಂದೆ ಲಾಕ್ ಮುಚ್ಚಿದ್ದು ಪರದೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಟ್ರೇಲರಿನ ಬ್ರೇಕ್ ಹಿಡಿದಿರುವಾಗಲೇ ಮೊದಲ ಗೇರಿನಲ್ಲಿ ಮೆಲ್ಲಗೆ ಮುಂದಕ್ಕೆ ಎಳೆದು ಪರೀಕ್ಷಿಸುವುದು ನಮ್ಮಲ್ಲಿ ಹಿಂದಿನಿಂದಲೂ ಇತ್ತು. ಆದರೆ ಲಾಕ್ ಅರ್ಧ ಮುಚ್ಚಿದ್ದರೂ ಒಂದು ಎಳೆತಕ್ಕೆ ಅದು ತಡೆದುಕೊಂಡು ನಿಲ್ಲಬಹುದು. ಈ ಎಂಟು ತಿಂಗಳಲ್ಲಿ ಎರಡು ಬಾರಿ, ಹಳೆಯ ಗ್ರೀಸ್ ಮತ್ತು ಧೂಳು ಗಟ್ಟಿಯಾಗಿ ಕುಳಿತು ಲಾಕ್ ಪೂರ್ತಿ ಮುಚ್ಚದಿದ್ದುದನ್ನು ಚಾಲಕರು ಪರದೆಯಲ್ಲೇ ಕಂಡು, ಲಾರಿ ಕದಲಿಸದೆ ಸರಿಪಡಿಸಿಕೊಂಡರು. ಹಾಗೆಂದು ಟಾರ್ಚ್ ಹಿಡಿದು ಲಾಕಿನ ಹಿಡಿಕೆ ಪೂರ್ತಿ ಒಳಗೆ ಹೋಗಿದೆಯೇ, ಎರಡು ತಟ್ಟೆಗಳ ನಡುವೆ ಸಂದು ಉಳಿದಿದೆಯೇ ಎಂದು ನೋಡುವುದನ್ನು ನಾವು ಬಿಟ್ಟಿಲ್ಲ. ಪಿನ್ನಿನ ಸವೆತವನ್ನಂತೂ ಯಾವ ಕ್ಯಾಮೆರಾವೂ ಹೇಳದು: ಎರಡು ಅಂಗುಲದ, ಎಂದರೆ 50.8 ಮಿಲಿಮೀಟರಿನ ಪಿನ್ ಸವೆದು 49ಕ್ಕೆ ಬಂದರೆ ಬದಲಿಸಬೇಕೆಂಬುದು ತಯಾರಕರ ಸಾಮಾನ್ಯ ನಿಯಮ, ಅದಕ್ಕೆ ಗೇಜ್ ಹಿಡಿದೇ ಅಳೆಯಬೇಕು.

ಡೀಸೆಲ್ ಉಳಿಯುತ್ತದೆ ಎಂಬ ಜಾಹೀರಾತಿನ ಮಾತಿಗೆ ಬರುತ್ತೇನೆ. ರಿವರ್ಸಿನ ಯತ್ನ ಎರಡು ಸಲ ಕಡಿಮೆಯಾದದ್ದರಿಂದ ಉಳಿಯುವ ಎಣ್ಣೆ ಲೆಕ್ಕಕ್ಕೆ ಸಿಗುವಷ್ಟು ಇಲ್ಲ. ಎಣ್ಣೆ ಪೋಲಾಗುವುದು ಅದರ ನಂತರ, ಕಾಲು ಎತ್ತುವಾಗ, ಪೈಪ್ ಮತ್ತು ಕೇಬಲ್ ಸಿಕ್ಕಿಸುವಾಗ, ಗೇಟಿನಲ್ಲಿ ಕಾಗದ ಬರುವವರೆಗೆ, ಎಂಜಿನ್ ಸುಮ್ಮನೆ ಓಡುತ್ತಿರುವುದರಿಂದ. ಇಂಥ ದೊಡ್ಡ ಎಂಜಿನ್ ನಿಂತಲ್ಲೇ ಓಡಿದರೆ ಗಂಟೆಗೆ ಸುಮಾರು ಎರಡು ಲೀಟರ್ ಕುಡಿಯುತ್ತದೆ. ಕ್ಯಾಮೆರಾ ಹಾಕಿಸಿದ ದಿನವೇ ನಾವು ಕ್ರಮವನ್ನೂ ಬದಲಿಸಿದೆವು: ಲಾಕ್ ಬಿದ್ದದ್ದು ಕಂಡು, ಎಳೆದು ಪರೀಕ್ಷಿಸಿದ ಕೂಡಲೇ ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಮೊದಲು ಹಳದಿ, ಆಮೇಲೆ ಕೆಂಪು ಏರ್ ಪೈಪ್ ಸಿಕ್ಕಿಸುವುದು. ಕೆಂಪು ಪೈಪ್ ಸಿಕ್ಕಿದರೆ ಟ್ರೇಲರಿನ ಬ್ರೇಕ್ ಬಿಡಬಹುದಾದ್ದರಿಂದ ಅದು ಕೊನೆಗೇ ಬರಬೇಕು. ನಂತರ ಎಂಜಿನ್ ಹಚ್ಚಿ ಗಾಳಿ ತುಂಬಿಸಿ, ಮತ್ತೆ ಆರಿಸಿ, ನಿಶ್ಶಬ್ದದಲ್ಲಿ ಕಿವಿಗೊಟ್ಟು ಕೇಳುತ್ತೇವೆ. ಸುಂಯ್ ಎಂಬ ಸದ್ದು ಬಂದರೆ ಹೆಚ್ಚಾಗಿ ಪೈಪಿನ ಬಾಯಿಯ ರಬ್ಬರ್ ವಾಷರ್ ಹೋಗಿದೆ ಎಂದರ್ಥ; ಅದನ್ನು ಹಾಗೇ ಬಿಟ್ಟರೆ ದಾರಿಯುದ್ದಕ್ಕೂ ಕಂಪ್ರೆಸರ್ ಬಿಡುವಿಲ್ಲದೆ ದುಡಿಯುತ್ತದೆ, ಗಾಳಿ ತೀರಾ ಇಳಿದರೆ ಟ್ರೇಲರಿನ ಬ್ರೇಕ್ ಚಕ್ರಕ್ಕೆ ಉಜ್ಜಿಕೊಂಡು ಟೈರ್ ಮತ್ತು ಎಣ್ಣೆ ಎರಡನ್ನೂ ತಿನ್ನುತ್ತದೆ. ನಮ್ಮ ಡೀಸೆಲ್ ಪುಸ್ತಕದಲ್ಲಿ ಈಚೆಗೆ ಕಾಣುವ ಉಳಿತಾಯವನ್ನು ನಾನು ಈ ಕ್ರಮದ ಖಾತೆಗೆ ಬರೆಯುತ್ತೇನೆ, ಕ್ಯಾಮೆರಾದ ಖಾತೆಗಲ್ಲ. ಆದರೂ ಲಾಕ್ ಕಣ್ಣಾರೆ ಕಾಣದಿದ್ದರೆ ಎಂಜಿನ್ ಆರಿಸಲು ಹಳೆಯ ಚಾಲಕರು ಇಷ್ಟು ಬೇಗ ಒಪ್ಪುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು.

ದೋಷಗಳೂ ಇವೆ. ಕೆಳಗಿನ ಕ್ಯಾಮೆರಾದ ಗಾಜಿಗೆ ಗ್ರೀಸ್ ಸಿಡಿಯುತ್ತದೆ. ಪ್ರತಿದಿನ ಬೆಳಿಗ್ಗೆ ಬಟ್ಟೆಯಿಂದ ಒರೆಸದಿದ್ದರೆ ಸಂಜೆಗೆ ಪರದೆಯ ಮೇಲೆ ಮಂಜು ಕವಿದಂತಿರುತ್ತದೆ. ಕೇಬಲ್ ಜೋಡಣೆಯ ತಲೆಗಳು ಚಾಸಿಸ್ ಅದುರಾಟಕ್ಕೆ ಸಡಿಲಗೊಂಡು ಮಳೆಗಾಲದ ಮೊದಲ ವಾರದಲ್ಲೇ ಒಂದು ಲಾರಿಯ ಚಿತ್ರ ನಿಂತುಹೋಯಿತು. ಮಾರಾಟಗಾರರು ನೀರು ಹೊಕ್ಕದ್ದಕ್ಕೆ ವಾರಂಟಿ ಇಲ್ಲವೆಂದರು, ಲಾರಿಗೆಂದೇ ಮಾರುವ ವಸ್ತುವಿಗೆ ಇದು ಒಪ್ಪತಕ್ಕ ಮಾತಲ್ಲ. ಪರದೆಯ ಮೇಲಿನ ಬಣ್ಣದ ದೂರದ ಗೆರೆಗಳು ಕಾರಿನ ಅಳತೆಯವು, ಅವನ್ನು ಆಫ್ ಮಾಡಿಬಿಡುವುದೇ ಲೇಸು. ರಾತ್ರಿಯ ಚಿತ್ರ ಮಾತ್ರ ನಿರೀಕ್ಷೆಗಿಂತ ಚೆನ್ನಾಗಿದೆ.

ಒಂದೇ ಟ್ರೇಲರನ್ನು ತಿಂಗಳುಗಟ್ಟಲೆ ಬಿಚ್ಚದೆ ಓಡಿಸುವವರಿಗೆ ಈ ಖರ್ಚು ಬೇಡ. ಆ ಹಣದಲ್ಲಿ ಕಿಂಗ್‌ಪಿನ್ ಗೇಜ್ ಮತ್ತು ಒಂದು ಡಬ್ಬಿ ವಾಷರ್ ಕೊಂಡರೆ ಹೆಚ್ಚು ಪ್ರಯೋಜನ. ನಮ್ಮಂತೆ ದಿನವೂ ಟ್ರೇಲರ್ ಬದಲಿಸುವವರು ಕೊಳ್ಳಬಹುದು. ನಮ್ಮ ಮೂರನೇ ಲಾರಿಗೆ ಕೆಳಗಿನ ಕ್ಯಾಮೆರಾ ಮತ್ತು ಪರದೆಯನ್ನಷ್ಟೇ ಹೇಳಿದ್ದೇನೆ. ಕೇಬಲ್ ಜೋಡಣೆಗಳನ್ನು ಈ ಸಲ ನಮ್ಮ ಎಲೆಕ್ಟ್ರಿಷಿಯನ್ನರೇ ರಬ್ಬರ್ ಟೇಪ್ ಸುತ್ತಿ ಕ್ಯಾಬಿನ್ನಿನ ಒಳಗೆ ತಂದು ಕೂರಿಸಲಿದ್ದಾರೆ.