ಪೋಸ್ಟ್‌ಗ್ರೆಸ್ ಬ್ಯಾಕಪ್: ಪಿಜಿ_ಡಂಪ್ ಸಾಕೇ, ಪಿಜಿ_ಬೇಸ್‌ಬ್ಯಾಕಪ್ ಬೇಕೇ?

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರಿನ ಜೊತೆಗೇ ಬರುವ ಎರಡು ಬ್ಯಾಕಪ್ ಸಾಧನಗಳಿವು. ಟೆಸ್ಟಿಂಗ್‌ಗೆ ಒಂದೇ ಡೇಟಾಬೇಸಿನ ನಕಲು ಬೇಕಿದ್ದರೆ ಪಿಜಿ_ಡಂಪ್ ಸಾಕು. ಹಳೆಯ 12ನೇ ಆವೃತ್ತಿಯ ಡೇಟಾವನ್ನು 16ಕ್ಕೆ ಹಾಕಬಹುದು. ಕಸ್ಟಮ್ ಫಾರ್ಮ್ಯಾಟಿನಲ್ಲಿ ತೆಗೆದಿದ್ದರೆ ಬೇಕಾದ ಟೇಬಲ್ಲನ್ನಷ್ಟೇ ಎತ್ತಿಕೊಳ್ಳಲೂಬಹುದು. ಆದರೆ ಯೂಸರ್‌ಗಳು, ಪಾಸ್‌ವರ್ಡ್‌ಗಳು ಇದರಲ್ಲಿ ಬರುವುದಿಲ್ಲ. ಅವನ್ನು ಪಿಜಿ_ಡಂಪ್‌ಆಲ್‌ನಿಂದ ಬೇರೆಯಾಗಿಯೇ ತೆಗೆದಿಡಬೇಕು. ರಿಸ್ಟೋರ್ ಮಾಡುವಾಗ ಇಂಡೆಕ್ಸ್‌ಗಳನ್ನೆಲ್ಲ (ಬೇಗ ಹುಡುಕಲು ನೆರವಾಗುವ ಸೂಚಿಗಳು) ಹೊಸದಾಗಿ ಕಟ್ಟುವುದರಿಂದ ದೊಡ್ಡ ಡೇಟಾಬೇಸಿಗೆ ಗಂಟೆಗಟ್ಟಲೆ ಹಿಡಿಯಬಹುದು.

ಪಿಜಿ_ಬೇಸ್‌ಬ್ಯಾಕಪ್ ಇಡೀ ಸರ್ವರಿನ ಫೈಲುಗಳನ್ನು ಹಾಗೇ ನಕಲಿಸುತ್ತದೆ. ಒಂದೇ ಡೇಟಾಬೇಸ್ ಆರಿಸಲು ಬರುವುದಿಲ್ಲ, ಮುಖ್ಯ ಆವೃತ್ತಿಯೂ ಅದೇ ಇರಬೇಕು. ಇದರ ನಿಜವಾದ ಬಲ ಇರುವುದು ವಾಲ್ ಫೈಲುಗಳ (ಡೇಟಾದಲ್ಲಾಗುವ ಬದಲಾವಣೆಗಳ ದಾಖಲೆ) ಜೊತೆ ಸೇರಿದಾಗ. ಮಧ್ಯಾಹ್ನ 3:10ಕ್ಕೆ ಯಾರೋ ಯಾವ ಸಾಲುಗಳೆಂದು ಹೇಳುವ 'ವೇರ್' ಹಾಕದೆ ಡಿಲೀಟ್ ಓಡಿಸಿ ಟೇಬಲ್ಲಿನ ಎಲ್ಲವನ್ನೂ ಅಳಿಸಿದರು ಎಂದುಕೊಳ್ಳಿ. ಬ್ಯಾಕಪ್ಪನ್ನು ಬೇರೆ ಮಶೀನಿಗೆ ಇಳಿಸಿ, ವಾಲ್ ಆರ್ಕೈವ್ (ಆ ಫೈಲುಗಳನ್ನು ಕೂಡಿಟ್ಟ ಜಾಗ) ಎಲ್ಲಿದೆಯೆಂದು ತೋರಿಸಿ, ಯಾವ ಹೊತ್ತಿನವರೆಗೆ ಮರಳಿಸಬೇಕೆಂದು ಹೇಳುವ ರಿಕವರಿ_ಟಾರ್ಗೆಟ್_ಟೈಮ್‌ಗೆ 3:09 ಕೊಟ್ಟು, ರಿಕವರಿ.ಸಿಗ್ನಲ್ ಎಂಬ ಖಾಲಿ ಫೈಲಿಟ್ಟು ಸರ್ವರ್ ಶುರು ಮಾಡಿದರೆ ಡೇಟಾ ಆ ಕ್ಷಣದ ಸ್ಥಿತಿಗೆ ಬಂದು ನಿಲ್ಲುತ್ತದೆ. ರಾತ್ರಿಯ ಡಂಪ್ ಮಾತ್ರ ಇದ್ದವರಿಗೆ ಹಗಲಿನ ಕೆಲಸವೆಲ್ಲ ಹೋದಂತೆಯೇ. ವಾಲ್ ಆರ್ಕೈವಿಂಗ್ ಮೊದಲೇ ಚಾಲೂ ಇರಬೇಕು, ಅನಾಹುತವಾದ ಮೇಲೆ ಹಾಕಿ ಉಪಯೋಗವಿಲ್ಲ.

ಹಣದ ವ್ಯವಹಾರವಿರುವ ಕಡೆ ನಾನು ಎರಡನೆಯದನ್ನೇ, ಅಂದರೆ ವಾಲ್ ಜೊತೆಗಿನ ಪಿಜಿ_ಬೇಸ್‌ಬ್ಯಾಕಪ್ಪನ್ನೇ ಹೇಳುತ್ತೇನೆ. ಹೀಗೆ ಬೇರೆ ಮಶೀನಿನಲ್ಲಿ ಮರಳಿಸಿದ ನಕಲನ್ನು ಬಳಕೆಗೆ ಬಿಡುವ ಮುಂಚೆ, ವಾಲ್ ಫೈಲುಗಳನ್ನು ಆರ್ಕೈವಿಗೆ ಕಳಿಸುವ ಅದರ ಆರ್ಕೈವ್_ಕಮಾಂಡ್ ಬದಲಿಸಿ. ಇಲ್ಲವಾದರೆ ಅಸಲಿ ಸರ್ವರಿನ ಆರ್ಕೈವಿಗೇ ಅದೂ ಬರೆಯತೊಡಗುತ್ತದೆ.